ವಿಆರ್‌ಎಸ್ ಕೊಡುವ ಕಡೆ ಕೂತಿದ್ದೇನೆ, ಜನರ ಹತ್ತಿರ ಹೇಗೆ ಮಾತಾಡಲಿ?

ಪೀಣ್ಯ_ಎಚ್‌ಆರ್

ನಮಸ್ಕಾರ. ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಆಗಿದ್ದೇನೆ. ಹೆಸರು ಬೇಡ. ಮುಂದಿನ ತಿಂಗಳು ನಮ್ಮಲ್ಲಿ ವಿಆರ್‌ಎಸ್ (ಸ್ವಯಂ ನಿವೃತ್ತಿ ಯೋಜನೆ) ಘೋಷಣೆ ಆಗುತ್ತದೆ, ಸುಮಾರು 60 ಜನ ಹೋದರೆ ಸಾಕು ಅಂತ ಮೇಲಿನವರ ಲೆಕ್ಕ. ಆಫರ್ ತೀರಾ ಕೆಟ್ಟದ್ದೇನಲ್ಲ. ಸರ್ವಿಸ್ ಆದ ಪ್ರತಿ ವರ್ಷಕ್ಕೆ 45 ದಿನದ ಸಂಬಳ, ಗ್ರಾಚ್ಯುಟಿ, ಪಿಎಫ್ ಬೇರೆ. ಅರ್ಜಿ ಹಾಕಲು 10 ದಿನ ಸಮಯ.

ನನಗೆ ಒಂದು ಪಿಪಿಟಿ ಕೊಟ್ಟಿದ್ದಾರೆ. 22 ಸ್ಲೈಡ್. ಅದರಲ್ಲಿ "ಉದ್ಯೋಗಿಗಳಿಗೆ ನೆರವು" ಅಂತ ಇರುವುದು ಒಂದೇ ಸ್ಲೈಡ್, ಅದರಲ್ಲೂ ಅರ್ಧ ದಿನದ ರೆಸ್ಯೂಮೆ ಕ್ಲಾಸ್ ಅಂತ ಒಂದೇ ಸಾಲು. ನಮ್ಮಲ್ಲಿ ಹೆಚ್ಚಿನವರು 42ರಿಂದ 52ರ ಒಳಗಿನವರು, ಐಟಿಐ ಮುಗಿಸಿ ಬಂದವರು, 18-20 ವರ್ಷ ಇದೇ ಗೇಟಿನೊಳಗೆ ಕಳೆದವರು. ಇವರಿಗೆ ರೆಸ್ಯೂಮೆ ಕ್ಲಾಸ್ ತಗೊಂಡು ಏನು ಮಾಡಲಿ? ಬಾಸ್ ಇನ್ನೂ ಒಂದು ಮಾತು ಹೇಳಿದ್ದಾರೆ, ಒಳ್ಳೆ ಕೆಲಸಗಾರರು ಹೋದರೆ ನಮ್ಮ ಇನ್ನೊಂದು ಯೂನಿಟ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ತಗೊಳ್ಳೋಣ, ಹಾಗಂತ ಬಾಯಿಮಾತಲ್ಲಿ ಹೇಳಿಬಿಡಿ ಅಂತ. ಅದು ಯಾಕೋ ಸರಿ ಕಾಣುತ್ತಿಲ್ಲ. ಈ ಕಡೆಯಿಂದಲೋ ಆ ಕಡೆಯಿಂದಲೋ ಇದನ್ನು ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಹಳೇ_ಟರ್ನರ್

ಆ ಕಡೆಯಿಂದ ನೋಡಿದವನು ನಾನು. ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ 19 ವರ್ಷ ಲೇತ್ ಮೇಲೆ ಇದ್ದೆ, 2009ರಲ್ಲಿ ಬರೆದುಕೊಟ್ಟು ಬಂದೆ. ನಮಗೂ ಕೊನೆಯ ದಿನ ಒಂದು ಕ್ಲಾಸ್ ಮಾಡಿದ್ದರು. ಟೈ ಕಟ್ಟಿಕೊಂಡ ಹುಡುಗ ಒಬ್ಬ ಬಂದು "ಬದಲಾವಣೆಯನ್ನು ಅಪ್ಪಿಕೊಳ್ಳಿ" ಅಂತ ಎರಡು ಗಂಟೆ ಹೇಳಿದ. ಆಮೇಲೆ ಬಾದಾಮಿ ಹಾಲು ಕೊಟ್ಟರು. ಅದು ಮಾತ್ರ ಚೆನ್ನಾಗಿತ್ತು.

ನನಗೆ ನಿಜವಾಗಿ ಬೇಕಾಗಿದ್ದು ಒಂದು ಹಾಳೆ. ನನ್ನ ಹೆಸರಿನ ಕೆಳಗೆ ಕೈಗೆ ಎಷ್ಟು ಬರುತ್ತದೆ, ಸೊಸೈಟಿ ಸಾಲ ಎಷ್ಟು ಕಳೆಯುತ್ತಾರೆ, ತೆರಿಗೆ ಎಷ್ಟು, ಯಾವ ತಾರೀಕಿಗೆ ಬ್ಯಾಂಕಿಗೆ ಬೀಳುತ್ತದೆ ಅಂತ. ಅದನ್ನು ಯಾರೂ ಕೊಡಲಿಲ್ಲ. ಕ್ಯಾಂಟೀನಲ್ಲಿ ಒಬ್ಬ 14 ಲಕ್ಷ ಅಂದ, ಇನ್ನೊಬ್ಬ 11 ಅಂದ. ನಾನು 14 ಅಂತ ನಂಬಿ ಸೈಟಿಗೆ ಅಡ್ವಾನ್ಸ್ ಕೊಟ್ಟೆ. ಬಂದಿದ್ದು ಒಂಬತ್ತೂ ಚಿಲ್ಲರೆ. ಯೂನಿಫಾರ್ಮ್, ಸೇಫ್ಟಿ ಶೂ ವಾಪಸ್ ಕೊಡಲಿಲ್ಲ ಅಂತ ಅದರಲ್ಲೂ 800 ರೂಪಾಯಿ ಹಿಡಿದಿದ್ದರು ಸ್ವಾಮಿ, ಹರಿದ ಶೂಗೆ.

ಆ ಹಾಳೆಯನ್ನು ಅರ್ಜಿ ಹಾಕುವ ಮೊದಲೇ ಕೊಡಿ. ಪ್ರತಿಯೊಬ್ಬರಿಗೂ, ಹೋಗುವವರಿಗೂ ಹೋಗದವರಿಗೂ.

ಇನ್ನೊಂದು, ಎಕ್ಸ್‌ಪೀರಿಯನ್ಸ್ ಲೆಟರ್. ನನ್ನದರಲ್ಲಿ "ಆಪರೇಟರ್ ಗ್ರೇಡ್ 3" ಅಂತ ಇತ್ತು ಅಷ್ಟೇ. ನಾನು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಸೆಟ್ಟಿಂಗ್ ಮಾಡುತ್ತಿದ್ದೆ, ಡ್ರಾಯಿಂಗ್ ಓದುತ್ತಿದ್ದೆ, ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದೆ, ಒಂದೂ ಅದರಲ್ಲಿಲ್ಲ. ಹೊಸ ಕಡೆ ಇಂಟರ್‌ವ್ಯೂನಲ್ಲಿ ಗ್ರೇಡ್ 3 ಅಂದರೆ ಏನು ಅಂತ ಕೇಳಿದರೆ ನಾನೇನು ಹೇಳಲಿ? ಯಾವ ಮೆಷಿನ್, ಯಾವ ಕಂಟ್ರೋಲರ್, ಎಷ್ಟು ಮೈಕ್ರಾನ್‌ವರೆಗೆ ಕೆಲಸ ಮಾಡಿದ್ದಾರೆ, ಎಷ್ಟು ವರ್ಷ, ಇಷ್ಟು ಬರೆದುಕೊಡಿ. ಸೂಪರ್‌ವೈಸರ್ ಹತ್ತಿರ ಕೂತು ಬರೆಸಿದರೆ ಒಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತದೆ. ನಿಮ್ಮ ರೆಸ್ಯೂಮೆ ಕ್ಲಾಸಿಗಿಂತ ಅದು ಸಾವಿರ ಪಾಲು ಮೇಲು.

ಲೆಕ್ಕದಮ್ಮ

ನಾನು ಪೇರೋಲ್, ತೆರಿಗೆ ಕೆಲಸ ಮಾಡುವವಳು. ಹಾಳೆ ವಿಚಾರ ನೂರಕ್ಕೆ ನೂರು ಸರಿ. ಉದಾಹರಣೆಗೆ ಬೇಸಿಕ್ ಮತ್ತು ಡಿಎ ಸೇರಿ 30,000, ಸರ್ವಿಸ್ 18 ವರ್ಷ ಅಂದುಕೊಳ್ಳಿ. ಗ್ರಾಚ್ಯುಟಿಗೆ 30,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 18ರಿಂದ ಗುಣಿಸಿ. ಸುಮಾರು 3.11 ಲಕ್ಷ. ನಿಮ್ಮ 45 ದಿನದ ಲೆಕ್ಕದಲ್ಲಿ ಪರಿಹಾರ 27 ತಿಂಗಳ ಸಂಬಳ, ಅಂದರೆ 8.1 ಲಕ್ಷ. ಇದರಲ್ಲಿ 5 ಲಕ್ಷದವರೆಗೆ ತೆರಿಗೆ ಇಲ್ಲ, ಉಳಿದ 3.1 ಲಕ್ಷ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಈ 5 ಲಕ್ಷದ ವಿನಾಯಿತಿ ಜೀವನದಲ್ಲಿ ಒಂದೇ ಸಲ ಸಿಗುವುದು. ಹಿಂದೆ ಬೇರೆ ಕಡೆ ವಿಆರ್‌ಎಸ್ ತಗೊಂಡು ಬಂದವರು ಯಾರಾದರೂ ಇದ್ದಾರಾ ನೋಡಿಕೊಳ್ಳಿ.

ಈಗ ನಿಮ್ಮ ಬಾಸ್ ಹೇಳಿದ ಮಾತು. ಅದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ಆ ವಿನಾಯಿತಿ ಸಿಗಬೇಕಾದರೆ ಸ್ಕೀಮ್ ಕೆಲವು ಷರತ್ತು ಪಾಲಿಸಬೇಕು. 10 ವರ್ಷ ಸರ್ವಿಸ್ ಅಥವಾ 40 ವರ್ಷ ವಯಸ್ಸು ಆಗಿರಬೇಕು, ಒಟ್ಟು ಜನರ ಸಂಖ್ಯೆ ನಿಜಕ್ಕೂ ಕಡಿಮೆ ಆಗಬೇಕು, ಖಾಲಿಯಾದ ಜಾಗ ತುಂಬಬಾರದು, ಹೋದವರನ್ನು ಅದೇ ಮ್ಯಾನೇಜ್‌ಮೆಂಟಿನ ಇನ್ನೊಂದು ಕಂಪನಿಗೆ ಸೇರಿಸಿಕೊಳ್ಳಬಾರದು. ಕಾಂಟ್ರಾಕ್ಟ್ ಆಸೆ ತೋರಿಸಿದರೆ ನಾಳೆ ತೊಂದರೆ ಬರುವುದು ಆ ಕೆಲಸಗಾರನಿಗೇ. ಬಾಸ್‌ಗೆ ನೈತಿಕತೆ ಪಾಠ ಮಾಡಬೇಡಿ, ಈ ಷರತ್ತನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಡಿ, ಸಾಕು.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಪಿಎಫ್‌ನಲ್ಲಿ ಹೆಸರು. ನಮ್ಮ ಕಡೆ ಇನಿಷಿಯಲ್ ಗಲಾಟೆ ಗೊತ್ತಲ್ಲ, ಆಧಾರಿನಲ್ಲಿ ಪೂರ್ತಿ ಹೆಸರು, ಪಿಎಫ್‌ನಲ್ಲಿ ಎರಡು ಅಕ್ಷರದ ಇನಿಷಿಯಲ್, ಬ್ಯಾಂಕಿನಲ್ಲಿ ಅಪ್ಪನ ಹೆಸರು ಹಿಂದೆ ಮುಂದೆ. ಹುಟ್ಟಿದ ತಾರೀಕೂ ಅಷ್ಟೇ, ಶಾಲೆಗೆ ಸೇರಿಸಿದ ಮೇಷ್ಟ್ರು ಬರೆದಿದ್ದೇ ತಾರೀಕು. ಇದನ್ನೆಲ್ಲ ಅವರು ನಿಮ್ಮ ಹಾಜರಿ ಪುಸ್ತಕದಲ್ಲಿ ಇರುವಾಗಲೇ ಸರಿ ಮಾಡಿಸಿ. ಹೊರಗೆ ಹೋದ ಮೇಲೆ ಸಹಿಗಾಗಿ ಗೇಟಿಗೆ ಅಲೆಯಬೇಕಾಗುತ್ತದೆ. ಕೆಲಸ ಬಿಟ್ಟ ದಿನಾಂಕವನ್ನೂ ಪಿಎಫ್ ಪೋರ್ಟಲ್‌ನಲ್ಲಿ ತಕ್ಷಣ ಹಾಕಿ.

10 ವರ್ಷ ಪಿಎಫ್‌ನ ಪೆನ್ಷನ್ ಸ್ಕೀಮ್‌ನಲ್ಲಿ ಇದ್ದವರಿಗೆ 58ಕ್ಕೆ ಪೆನ್ಷನ್ ಇದೆ. 50ರ ನಂತರ ಬೇಗ ಬೇಕೆಂದರೂ ಸಿಗುತ್ತದೆ, ಆದರೆ ಮೊದಲಾದ ಪ್ರತಿ ವರ್ಷಕ್ಕೂ 4% ಕಡಿಮೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. 55 ದಾಟಿದವರು ಇದ್ದರೆ ಅವರಿಗೆ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮ್ ಬಗ್ಗೆ ಹೇಳಿ. ಸಾಮಾನ್ಯವಾಗಿ ಅದು 60 ಆದವರಿಗೆ, ಆದರೆ ವಿಆರ್‌ಎಸ್ ತಗೊಂಡವರು 55ಕ್ಕೇ ಸೇರಬಹುದು. ಹಣ ಕೈಗೆ ಬಂದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು.

ಗೇಟ್_ಮೀಟಿಂಗ್

ಯೂನಿಯನ್ ಕಮಿಟಿಯಲ್ಲಿ 11 ವರ್ಷ ಇದ್ದವನು. ನೇರವಾಗಿ ಕೇಳುತ್ತೇನೆ, 60 ಜನ ಬರಲಿಲ್ಲ ಅಂದರೆ ಏನು ಮಾಡುತ್ತೀರಿ? ಯಾರನ್ನು ಕಳಿಸಬೇಕು ಅನ್ನುವ ಪಟ್ಟಿ ಆಗಲೇ ಯಾರದೋ ಡ್ರಾಯರ್‌ನಲ್ಲಿ ಇದೆ ತಾನೆ? ಇದ್ದರೆ "ಸ್ವಯಂ" ಅನ್ನುವ ಪದ ಸುಮ್ನೆ. ಸೂಪರ್‌ವೈಸರ್‌ಗಳು ಒಬ್ಬೊಬ್ಬರನ್ನೇ ಮೂಲೆಗೆ ಕರೆದು "ನಿನ್ನ ಹೆಸರಿದೆ, ಈಗ ಹೋದರೆ ದುಡ್ಡು ಸಿಗುತ್ತದೆ" ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ನಿಲ್ಲಿಸುವುದೇ ನೀವು ಮಾಡಬಹುದಾದ ದೊಡ್ಡ ನೆರವು.

10 ದಿನ ತೀರಾ ಕಡಿಮೆ. 2019ರಲ್ಲಿ ಬಿಎಸ್‌ಎನ್‌ಎಲ್ ವಿಆರ್‌ಎಸ್ ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ ತೆರೆದಿತ್ತು, ಒಂದು ತಿಂಗಳು. ಅಷ್ಟರಲ್ಲಿ 78 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಸಮಯ ಕೊಟ್ಟರೆ ಜನ ಬರುವುದಿಲ್ಲ ಅನ್ನುವುದು ಸುಳ್ಳು. ಅರ್ಜಿ ವಾಪಸ್ ತಗೊಳ್ಳಲು ಕೊನೆಯ ದಿನ ಯಾವುದು ಅಂತ ಸ್ಪಷ್ಟವಾಗಿ ಬರೆಯಿರಿ. 2000ದ ಬ್ಯಾಂಕ್ ವಿಆರ್‌ಎಸ್‌ನಲ್ಲಿ ಇದೇ ವಿಚಾರ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು.

ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಬಗ್ಗೆ ಯಾರೂ ಹೇಳಲಿಲ್ಲ. ಸಂಬಳ 21,000ದ ಒಳಗಿದ್ದು ಇಎಸ್‌ಐನಲ್ಲಿ ಇರುವವರು, ಕನಿಷ್ಠ 5 ವರ್ಷ ವಿಮೆ ಕಟ್ಟಿದ್ದರೆ, ವಿಆರ್‌ಎಸ್ ಆದ ಮೇಲೂ ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯಬಹುದು. ತಿಂಗಳಿಗಲ್ಲ, ವರ್ಷಕ್ಕೆ 120. ಅದಕ್ಕೆ ಕಂಪನಿಯ ಪತ್ರ ಬೇಕಾಗುತ್ತದೆ. ಆ ಪತ್ರವನ್ನು ಸೆಟ್ಲ್‌ಮೆಂಟ್ ಜೊತೆಗೇ ಕೊಟ್ಟುಬಿಡಿ.

ದಾಸರಹಳ್ಳಿ_ಗೃಹಿಣಿ

ಎಲ್ಲರೂ ಕಾರ್ಖಾನೆ ಒಳಗಿನದ್ದೇ ಮಾತಾಡುತ್ತಿದ್ದೀರಿ, ಮನೆಯದ್ದು ನಾನು ಹೇಳುತ್ತೇನೆ. ನಮ್ಮ ಯಜಮಾನರು ವಿಆರ್‌ಎಸ್‌ಗೆ ಬರೆದುಕೊಟ್ಟಿದ್ದು ನನಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ಅವರ ಗಂಡನೂ ಅಲ್ಲೇ ಇದ್ದರು. ಹಣ ಬರುವ ಮುಂಚೆಯೇ ಅದಕ್ಕೆ ವಾರಸುದಾರರು ಹುಟ್ಟಿಕೊಂಡಿದ್ದರು. ಒಬ್ಬರಿಗೆ ಮಗಳ ಮದುವೆಗೆ ಕೈಗಡ, ಒಬ್ಬರ ಚೀಟಿ, ಒಬ್ಬರ ಸೈಟ್ ಬಿಸಿನೆಸ್. ನಮ್ಮವರಿಗೆ ಇಲ್ಲ ಅನ್ನಲು ಬರುವುದಿಲ್ಲ. ಒಂದೂವರೆ ವರ್ಷದಲ್ಲಿ ಉಳಿದಿದ್ದು ನನ್ನ ಹೆಸರಲ್ಲಿ ಇಟ್ಟಿದ್ದ 2 ಲಕ್ಷದ ಎಫ್‌ಡಿ ಮಾತ್ರ.

ಆ ಲೆಕ್ಕದ ಹಾಳೆ ಕೊಡುವ ದಿನ ಮನೆಯವರನ್ನೂ ಕರೆಯಿರಿ. ಭಾನುವಾರ ಇಟ್ಟುಕೊಳ್ಳಿ, ಹೆಂಡತಿಯೋ ಗಂಡನೋ ದೊಡ್ಡ ಮಗನೋ ಯಾರಾದರೂ ಬರಲಿ, ಅವರಿಗೂ ಪ್ರಶ್ನೆ ಕೇಳಲು ಬಿಡಿ. ಹಾಗೆ ಮಾಡಿದ್ದರೆ ನಾನು ಬೇಡ ಅನ್ನುತ್ತಿದ್ದೆ ಅಂತಲ್ಲ. ಅವರಿಗೆ ಬೆನ್ನುನೋವು, ನಾನೂ ಬಿಟ್ಟುಬಿಡಿ ಅಂತಲೇ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲವಲ್ಲ.

ಪೀಣ್ಯ_ಎಚ್‌ಆರ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮೀಟಿಂಗ್ ಇತ್ತು. ಕಾಂಟ್ರಾಕ್ಟ್ ಮಾತು ಬಿದ್ದುಹೋಯಿತು, ಆ ಪ್ರಿಂಟ್ ಕೆಲಸ ಮಾಡಿತು. ಸಮಯ 30 ದಿನ ಕೇಳಿದೆ, 21ಕ್ಕೆ ಒಪ್ಪಿದರು. ಭಾನುವಾರದ ಮನೆಯವರ ಭೇಟಿಗೆ ಊಟದ ಖರ್ಚು ಯಾರದು ಅಂತ ಇನ್ನೂ ಜಗಳ ನಡೆದಿದೆ. ಪಟ್ಟಿ ವಿಚಾರ... ಗೇಟ್_ಮೀಟಿಂಗ್ ಅವರೇ, ಡ್ರಾಯರ್‌ನಲ್ಲಿ ಇದೆ. ಸೂಪರ್‌ವೈಸರ್‌ಗಳು ಯಾರ ಹತ್ತಿರವೂ ಒಬ್ಬೊಬ್ಬರಾಗಿ ಮಾತಾಡಬಾರದು ಅಂತ ಲಿಖಿತವಾಗಿ ಹಾಕಿಸಿದ್ದೇನೆ, ಅಷ್ಟೇ ನನ್ನ ಕೈಲಾಗಿದ್ದು.

ಬೇರೆ ಕೆಲಸಕ್ಕೆ ಹೋಗುವವರಿಗೆ ತರಬೇತಿ ಎಲ್ಲಿ ಕೊಡಿಸಬಹುದು? ಮತ್ತೆ, ಘೋಷಣೆ ಯಾವ ದಿನ ಮಾಡಿದರೆ ಒಳ್ಳೆಯದು?

ಹಳೇ_ಟರ್ನರ್

ಮೆಷಿನ್ ಬಿಡಲು ಇಷ್ಟ ಇಲ್ಲದವರಿಗೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಸಿಎನ್‌ಸಿ ಕೋರ್ಸ್ ವಿಚಾರಿಸಿ, ಫೀಸು ಕಂಪನಿಯೇ ಕಟ್ಟಲಿ. ಊರಿಗೆ ಹೋಗಿ ಹೈನುಗಾರಿಕೆ, ಮೋಟಾರ್ ರಿವೈಂಡಿಂಗ್ ಅನ್ನುವವರಿಗೆ ಸ್ವಯಂ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾಗಿದ್ದು, ಈಗ ಬೇರೆ ಕಡೆಯೂ ಇದೆ. ಊಟ ವಸತಿ ಸೇರಿ ಉಚಿತ. ವಯಸ್ಸಿನ ಮಿತಿ ಮೊದಲೇ ಕೇಳಿಕೊಳ್ಳಿ. ಅಕ್ಕಪಕ್ಕದ ಸಣ್ಣ ಶೆಡ್‌ಗಳ ಮಾಲೀಕರನ್ನು ಒಂದು ದಿನ ಒಳಗೆ ಕರೆಸಿ, ನಿಮ್ಮವರು ಕೆಲಸ ಮಾಡುವುದನ್ನು ಮೆಷಿನ್ ಹತ್ತಿರವೇ ನೋಡಲಿ. ನನಗೆ ಕೆಲಸ ಸಿಕ್ಕಿದ್ದು ಹಾಗೆ ಒಬ್ಬರು ನೋಡಿದ್ದರಿಂದಲೇ. ಕಂಪನಿ ಕರೆಸಿದ್ದಲ್ಲ, ಅವರು ಬೇರೆ ಯಾವುದಕ್ಕೋ ಬಂದಿದ್ದರು.

ಕ್ಯಾಬ್ ತಗೊಳ್ಳುತ್ತೇನೆ ಅನ್ನುವವರಿಗೆ ಮೊದಲು ಒಂದು ತಿಂಗಳು ಬೇರೆಯವರ ಗಾಡಿ ಓಡಿಸಿ ನೋಡಲು ಹೇಳಿ.

ಘೋಷಣೆಗೆ ಯಾವ ದಿನವಾದರೂ ಸರಿ. ಆದರೆ ಮೂರೂ ಶಿಫ್ಟಿಗೂ ನೀವೇ ಹೋಗಿ ಹೇಳಿ, ರಾತ್ರಿ ಪಾಳಿಗೂ. ನಾವು ನೈಟ್ ಶಿಫ್ಟಿನವರು ಬೆಳಿಗ್ಗೆ ಮನೆಗೆ ಹೊರಟಾಗ ಗೇಟಿನಲ್ಲಿ ಸೆಕ್ಯುರಿಟಿಯವನ ಬಾಯಿಂದ ಕೇಳಿದೆವು.