‘ಲಿಬ್ರ್’ಗೂ ‘ಸ್ವತಂತ್ರ’, ‘ಇಂಡಿಪೆಂಡೆಂಟ್’ಗೂ ‘ಸ್ವತಂತ್ರ’?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಪದವಿ ತರಗತಿಗೆ ಇತಿಹಾಸ ಪಾಠ ಮಾಡುತ್ತೇನೆ. ಕಳೆದ ವಾರ ಒಂದು ಉತ್ತರಪತ್ರಿಕೆಯಲ್ಲಿ ಹೀಗಿತ್ತು: ‘1946ರ ಮಾರ್ಚ್‌ನಲ್ಲಿ ಫ್ರಾನ್ಸ್ ವಿಯೆಟ್ನಾಂಗೆ ಸ್ವಾತಂತ್ರ್ಯ ನೀಡಿತು. ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ಶುರುವಾಯಿತು.’ ಕೆಂಪು ಗೆರೆ ಎಳೆಯಲು ಹೋದವನು ಕೈ ತಡೆದೆ. ತಪ್ಪು ಹುಡುಗಿಯದಲ್ಲ, ನಾನು ಬರೆಸಿದ ಟಿಪ್ಪಣಿಯದು: ಎರಡು ಬೇರೆ ಪದಗಳಿಗೂ ಅದರಲ್ಲಿ ‘ಸ್ವಾತಂತ್ರ್ಯ’ ಎಂದೇ ಇತ್ತು.

ಮಾರ್ಚ್ 6ರಂದು ಹನೋಯ್‌ನಲ್ಲಿ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಮತ್ತು ಫ್ರಾನ್ಸಿನ ಪ್ರತಿನಿಧಿ ಸೇಂತೆನಿ ಸಹಿ ಹಾಕಿದ ಒಪ್ಪಂದದಲ್ಲಿ ವಿಯೆಟ್ನಾಂ ‘ಎತಾ ಲಿಬ್ರ್’, ಫ್ರೆಂಚಿನಲ್ಲಿ ‘ಫ್ರೀ ಸ್ಟೇಟ್’. ಸ್ವಂತ ಸರ್ಕಾರ, ಸಂಸತ್ತು, ಸೇನೆ, ಹಣಕಾಸು ಎಲ್ಲವೂ ಉಂಟು. ಆದರೆ ಇಂಡೋಚೈನಾ ಒಕ್ಕೂಟದ, ಫ್ರೆಂಚ್ ಯೂನಿಯನ್ನಿನ (ಫ್ರಾನ್ಸ್ ಮತ್ತು ಅದರ ವಸಾಹತುಗಳ ಕೂಟದ) ಒಳಗೆ. ಹೋ ಕೇಳಿದ್ದು ‘ಇಂಡಿಪೆಂಡೆಂಟ್’, ವಿಯೆಟ್ನಾಮಿ ಭಾಷೆಯಲ್ಲಿ ‘ದೊಕ್ ಲಾಪ್’, ಅಂದರೆ ಒಂಟಿಯಾಗಿ ನಿಲ್ಲುವುದು. ಸಿಕ್ಕಿದ್ದು ‘ತು ಜೊ’, ಅಂದರೆ ‘ಲಿಬ್ರ್’. ಎಂಥ ಜಿಪುಣತನ ನೋಡಿ: ಸೇನೆಗೆ ಒಪ್ಪಿದವರು ಒಂದು ಪದಕ್ಕೆ ಒಪ್ಪಲಿಲ್ಲ! ಆ ದೇಶದ ಧ್ಯೇಯವಾಕ್ಯದಲ್ಲಿ ಈ ಎರಡೂ ಪದಗಳು ಅಕ್ಕಪಕ್ಕದಲ್ಲೇ ಇವೆ: ದೊಕ್ ಲಾಪ್, ತು ಜೊ, ಹಾನ್ ಫುಕ್. ಕನ್ನಡಿಸಿದರೆ ‘ಸ್ವಾತಂತ್ರ್ಯ, ಸ್ವಾತಂತ್ರ್ಯ, ಸುಖ’ ಎಂದಾಗುತ್ತದೆ.

ಹಾಗಾದರೆ ‘ಲಿಬ್ರ್’ಗೆ ಏನೆನ್ನೋಣ? ‘ಮುಕ್ತ ರಾಜ್ಯ’ ಎಂದರೆ ಮುಕ್ತ ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ ನೆನಪಾಗುತ್ತದೆ. ‘ಸ್ವಾಯತ್ತ’ ಈಗ ಕಾಲೇಜುಗಳ ಪಾಲಾಗಿದೆ. ಸೇನೆ ಇಟ್ಟುಕೊಂಡ ನಾಡಿಗೆ ಅದು ಬಿಗಿ ಅಂಗಿ. ‘ಸ್ವಾಧೀನ’ ನನಗೆ ಇಷ್ಟವಾಗಿತ್ತು. ಆದರೆ ಭೂಸ್ವಾಧೀನದ ನೋಟಿಸು ಬಂದ ಮನೆಯ ಮಕ್ಕಳು ಅದನ್ನು ಉಲ್ಟಾ ಓದುತ್ತಾರೆ: ನಮ್ಮದು ಹೋಗಿ ಸರ್ಕಾರದ್ದಾಗುವುದು ಎಂದು.

ಪಕ್ಕದ ಮನೆಯ ಹಿರಿಯರೊಬ್ಬರು ಉರ್ದು ಶಾಲೆಯಲ್ಲಿ ಕಲಿತವರು. ಕೇಳಿದೊಡನೆ ‘ಖುದ್‌ಮುಖ್ತಾರ್ ಎನ್ನಿ ಸರ್, ಆಜಾದ್ ಬೇರೆ’ ಎಂದರು. ಖುದ್‌ಮುಖ್ತಾರ್ ಎಂದರೆ ತನ್ನ ಅಧಿಕಾರ ತನ್ನಲ್ಲೇ ಇರುವವನು. ನಮ್ಮ ಕೋರ್ಟಿನ ಎದುರು ಬಾಂಡ್ ಬರೆಯುವವರ ಬಾಯಲ್ಲಿ ‘ಮುಖತ್ಯಾರ ಪತ್ರ’ (ಪವರ್ ಆಫ್ ಅಟಾರ್ನಿ) ದಿನಕ್ಕೆ ಹತ್ತು ಸಲ ಬರುತ್ತದೆ. ಆ ಪತ್ರ ಹಿಡಿದವನು ಹೊಲ ಉಳುಮೆ ಮಾಡಿಸಬಲ್ಲ, ಗುತ್ತಿಗೆಗೆ ಕೊಡಬಲ್ಲ, ಮಾರಲೂ ಬಲ್ಲ. ಪಹಣಿಯಲ್ಲಿ ಹೆಸರು ಮಾತ್ರ ಬೇರೆಯವರದು. 1946ರ ವಿಯೆಟ್ನಾಂ ನನ್ನ ವಿದ್ಯಾರ್ಥಿಗಳಿಗೆ ಅರ್ಥವಾದದ್ದು ಈ ಹೋಲಿಕೆಯಿಂದಲೇ. ಆದರೂ ಪರಿಭಾಷೆಯಾಗಿ ಒಪ್ಪಲು ಅಳುಕು: ಉರ್ದುವಿನಲ್ಲಿ ‘ಖುದ್‌ಮುಖ್ತಾರ್’ ಪೂರ್ಣ ಸಾರ್ವಭೌಮತೆಯವರೆಗೂ ಹಿಗ್ಗುತ್ತದೆ. ಮೈಸೂರು ಕಡೆಯ ಓದುಗರಿಗಂತೂ ಅಡಿಟಿಪ್ಪಣಿ ಕೊಡಬೇಕು.

ಬೇರು ಬಿಡಿಸಿದರೆ ನಮ್ಮ ‘ಸ್ವತಂತ್ರ’ವೇ ‘ತು ಜೊ’ಗೆ ಹತ್ತಿರ, ‘ಸ್ವ’, ‘ತು’ ಎರಡರಲ್ಲೂ ‘ತಾನು’ ಇದ್ದಾನೆ. ಹಾಗಿದ್ದರೆ ಹೊಸ ಪದ ಬೇಕಿರುವುದು ‘ದೊಕ್ ಲಾಪ್’ಗೆ ಇರಬಹುದೇ? 1946ರ ಕನ್ನಡ ಪತ್ರಿಕೆಗಳು ಈ ಸುದ್ದಿಗೆ ಯಾವ ಪದ ಬಳಸಿದವು ಎಂದು ಕಂಡವರಿದ್ದರೆ ದಯವಿಟ್ಟು ತಿಳಿಸಿ. ಸದ್ಯಕ್ಕೆ ಹುಡುಗಿಗೆ ಪೂರ್ಣ ಅಂಕ ಕೊಟ್ಟಿದ್ದೇನೆ.