ಪದಚರ್ಚೆ: ಎಂಜಿನ್ ‘ಫ್ಲಡ್’ ಆಗುವುದಕ್ಕೆ ‘ಜವಳು ಹಿಡಿಯಿತು’ ಅನ್ನಬಹುದಾ?

ಬಳಗದ ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದು ಪದಕ್ಕಾಗಿ ತಡಕಾಡುತ್ತಿದ್ದೇನೆ. ನಾನು ಬಳ್ಳಾರಿಯಲ್ಲಿ ಐಟಿಐ ಹುಡುಗರಿಗೆ ಮೋಟಾರ್ ಮೆಕ್ಯಾನಿಕ್ ಪಾಠ ಹೇಳುವವನು. ಗಾಡಿ ಯಾಕೆ ಸ್ಟಾರ್ಟ್ ಆಗಲ್ಲ ಅನ್ನುವುದರ ಮೇಲೆ ಅವರಿಗೊಂದು ಸಣ್ಣ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಒಳಗೆ ಪೆಟ್ರೋಲ್ ಹೆಚ್ಚಾಗಿ ನಿಂತು ಗಾಡಿ ಹತ್ತದಿದ್ದರೆ ಎಂಜಿನ್ ‘ಫ್ಲಡ್’ ಆಯಿತು ಅನ್ನುತ್ತಾರಲ್ಲ, ಅಲ್ಲಿಗೆ ಬಂದು ಪೆನ್ನು ನಿಂತಿದೆ.

ಇದು ತಲೆಗೆ ಹೊಕ್ಕಿದ್ದು ಅಳಿಯನ ಫೋನಿನಿಂದ. ಅಕ್ಕನ ಮಗ, ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಆಸೆಪಟ್ಟು ಒಂದು ಹಳೆಯ ರೋಟರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರು ತಗೊಂಡಿದ್ದಾನೆ. ಪಕ್ಕದ ಮನೆಯವರ ಗಾಡಿಗೆ ದಾರಿ ಬಿಡಲು ಒಂದು ಸಂಜೆ ಅದನ್ನು ಹತ್ತು ಅಡಿ ಹಿಂದೆ ತಂದು ಆಫ್ ಮಾಡಿದ, ಅಷ್ಟೇ. ಬೆಳಿಗ್ಗೆ ಫೋನು ಬಂತು. “ಮಾವ, ಗಾಡಿ ಸ್ಟಾರ್ಟೇ ಆಗವಲ್ದು. ಸೆಲ್ಫ್ ತಿರುಗ್ತೈತೆ, ಎಂಜಿನ್ ಹತ್ತವಲ್ದು. ಪೆಟ್ರೋಲ್ ವಾಸನೆ ಹೊಡೀತೈತೆ.”

ರೋಗ ಏನು ಅಂತ ನನಗೆ ಕೂಡಲೇ ಗೊತ್ತಾಯಿತು. ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

ರೋಟರಿ ಎಂಜಿನ್ ನೋಡದವರಿಗೆ ಎರಡು ಮಾತು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆ ಇದು. 1957ರಲ್ಲಿ ಮೊದಲ ಮಾದರಿ ಓಡಿತು, 1964ರಲ್ಲಿ ಕಾರಿನೊಳಗೆ ಕೂತು ಮಾರಾಟಕ್ಕೆ ಬಂತು. ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇದರಲ್ಲಿಲ್ಲ. ಬದಿ ಉಬ್ಬಿದ ಮೂರು ಮೂಲೆಯ ರೋಟರ್ ತಿರುಗುತ್ತದೆ. ಒಂದೊಂದು ಮೂಲೆಗೂ ಒಂದು ಸಣ್ಣ ಪಟ್ಟಿಯಂಥ ಸೀಲ್. ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಮಾಡುವ ಕೆಲಸ ಇಲ್ಲಿ ಆ ಸೀಲಿನದು. ಆ ಸೀಲ್ ಗಾಳಿ ಬಿಡದ ಹಾಗೆ ಹಿಡಿಯಬೇಕಾದರೆ ಎಣ್ಣೆಯ ತೆಳು ಪದರ ಬೇಕು.

ತಣ್ಣಗಿರುವ ಎಂಜಿನ್ನಿಗೆ ಸ್ಟಾರ್ಟ್ ಆಗುವಾಗ ಪೆಟ್ರೋಲ್ ಜಾಸ್ತಿಯೇ ಹೋಗುತ್ತದೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಅದರಲ್ಲಿ ಒಂದಿಷ್ಟು ಸುಡದೆ ಒಳಗೇ ಉಳಿಯುತ್ತದೆ. ಅದು ಕಿಡಿ ಹಾರಿಸುವ ಪ್ಲಗ್ ತೋಯಿಸುತ್ತದೆ, ಎಣ್ಣೆಯನ್ನೂ ತೊಳೆಯುತ್ತದೆ. ಎಣ್ಣೆ ಹೋದರೆ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯನ್ನು ಒತ್ತಿ ಹಿಡಿಯುವ ಬಿಗಿ, ಹೋಯಿತು. ಆಮೇಲೆ ಸೆಲ್ಫ್ ಹೊಡೆದಷ್ಟೂ ಪೆಟ್ರೋಲ್ ಸೇರುತ್ತಲೇ ಹೋಗುತ್ತದೆ.

ಈಗ ಪದಕ್ಕೆ ಬರುತ್ತೇನೆ.

ನಿಘಂಟು ತೆಗೆದರೆ ನೆರೆ, ಪ್ರವಾಹ, ಮಹಾಪೂರ. ನಮ್ಮ ಕಡೆ ‘ಹೊಳೆ ಬಂತು’ ಅನ್ನುವುದೂ ಉಂಟು. ಇದ್ಯಾವುದೂ ಹೊಂದುವುದಿಲ್ಲ. ನೆರೆ ಹೊರಗಿನಿಂದ ನುಗ್ಗಿ ಬರುವಂಥದ್ದು. 2009ರ ನೆರೆ ಕಂಡ ರಾಯಚೂರು, ಬಳ್ಳಾರಿ ಕಡೆಯ ಹುಡುಗನಿಗೆ ‘ಎಂಜಿನ್ನಿಗೆ ನೆರೆ ಬಂತು’ ಅಂದರೆ ಗಾಡಿ ನೀರಿನಲ್ಲಿ ಮುಳುಗಿದ್ದೇ ಕಣ್ಣಿಗೆ ಬರುತ್ತದೆ. ಅದು ಬೇರೆಯದೇ ರಿಪೇರಿ.

ಗ್ಯಾರೇಜಿನ ಮಾತು ‘ಓವರ್‌ಫ್ಲೋ’. ಕೌಲ್ ಬಜಾರಿನ ಬೈಕ್ ಮೆಕ್ಯಾನಿಕ್ ಗೆಳೆಯನನ್ನು ಕೇಳಿದೆ, ಅವನೂ ಅದನ್ನೇ ಹೇಳಿದ. ಆದರೆ ಅವನ ಬಾಯಲ್ಲಿ ಆ ಪದಕ್ಕೆ ಎರಡು ಅರ್ಥ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರಿನ ಕೆಳಗಿನ ಪೈಪಿನಿಂದ ಪೆಟ್ರೋಲ್ ಹೊರಗೆ ತೊಟ್ಟಿಕ್ಕಿದರೂ ಓವರ್‌ಫ್ಲೋ, ಪ್ಲಗ್ ಒದ್ದೆಯಾದರೂ ಓವರ್‌ಫ್ಲೋ. ಕಲಿಯುವ ಹುಡುಗ ಎಲ್ಲಿ ಕೈ ಹಾಕಬೇಕು, ಹೇಳಿ? ಅದಲ್ಲದೆ ಅಳಿಯನ ಕಾರಿನಲ್ಲಿ ಕಾರ್ಬೋರೇಟರೇ ಇಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್.

‘ಪ್ಲಗ್ ತೊಯ್ದಿದೆ’ ಅನ್ನುವುದು ಚೆನ್ನಾಗಿದೆ. ತೋಯ್ ಹಳಗನ್ನಡದಿಂದ ಬಂದ ಮಾತು, ಮಳೆಗೆ ತೊಯ್ದವರೆಲ್ಲ ಇವತ್ತಿಗೂ ಆಡುತ್ತಾರೆ. ಆದರೆ ಅದು ಪ್ಲಗ್ಗಿನ ಕಥೆ ಮಾತ್ರ ಹೇಳುತ್ತದೆ. ಪ್ಲಗ್ ಒರೆಸಿ ಹಾಕಿದರೆ ಮುಗೀತು ಅನ್ನಿಸಿಬಿಡುತ್ತದೆ. ರೋಟರಿಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ.

ಹೋದ ಭಾನುವಾರ ಸಿರುಗುಪ್ಪದ ಹತ್ತಿರ ನೆಂಟರ ಹೊಲಕ್ಕೆ ಹೋಗಿದ್ದೆ. ತುಂಗಭದ್ರಾ ಕಾಲುವೆಯ ನೀರು ಕುಡಿಯುವ ಎರೆ ಹೊಲ. ಒಂದು ಮೂಲೆಯಲ್ಲಿ ಹತ್ತಿ ಹಳದಿಯಾಗಿ ನಿಂತಿತ್ತು. ಒಂದು ಗಿಡ ಕಿತ್ತು ತೋರಿಸಿದರು, ಬೇರಿನ ತುದಿ ಕಪ್ಪಾಗಿ ಮೆತ್ತಗಾಗಿತ್ತು. ಕಿತ್ತ ಗುಣಿಯಲ್ಲಿ ನೋಡ್ತಾ ನೋಡ್ತಾ ನೀರು ಜಿನುಗಿ ನಿಂತಿತು. “ಜವಳು ಹಿಡದೈತೆ. ಬಸಿಗಾಲುವೆ ತೆಗೀಬೇಕು” ಅಂದರು. ನೀರು ಬಸಿದು ಹೋಗದೆ ನಿಂತು ಹೊಲ ಕೆಡುವುದಕ್ಕೆ ನಮ್ಮ ಕಡೆ ಜವಳು ಅನ್ನುತ್ತಾರೆ, ಆ ನೀರು ಹೊರಗೆ ಹೋಗಲು ತೋಡುವುದು ಬಸಿಗಾಲುವೆ.

ಅಲ್ಲೇ ನಿಂತು ನನಗೆ ಹೊಳೆಯಿತು. ಇದೇ ಅಲ್ವಾ ನಾನು ಹುಡುಕುತ್ತಿದ್ದದ್ದು? ಗಿಡಕ್ಕೆ ನೀರು ಬೇಕೇ ಬೇಕು. ಆದರೆ ನೀರು ಹೆಚ್ಚಾಗಿ ಬೇರಿಗೆ ಗಾಳಿ ಸಿಗದೆ ಅದು ಸಾಯುತ್ತದೆ. ಎಂಜಿನ್ನಿನಲ್ಲೂ ಹಾಗೇ. ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಆ ಲೆಕ್ಕ ಪೂರ್ತಿ ತಪ್ಪಿದರೆ ಕಿಡಿ ಬಿದ್ದರೂ ಹತ್ತುವುದಿಲ್ಲ. ಇಲ್ಲಿ ಹೊರಗಿನಿಂದ ಏನೂ ನುಗ್ಗಿಲ್ಲ. ಬೇಕಾದದ್ದೇ ಹೆಚ್ಚಾಗಿ ನಿಂತಿದೆ. ‘ಜವಳು ಹಿಡಿಯಿತು’ ಅನ್ನುವುದರಲ್ಲಿ ಇದಿಷ್ಟೂ ಇದೆ.

ಅದರ ಜೊತೆಗೆ ಮದ್ದಿನ ಪದವೂ ಸಿಕ್ಕಿತು, ಬಸಿಯುವುದು. ಅನ್ನ ಬಸಿಯುವ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳಿಯನಿಗೆ ಹಾಗೇ ಹೇಳಿದೆ. “ಮೊದಲು ಒಳಗಿರೋದನ್ನ ಬಸಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡು. ಪೆಟ್ರೋಲ್ ಪಂಪಿನ ಫ್ಯೂಸ್ ಕೀಳು. ನಾಲ್ಕೂ ಪ್ಲಗ್ ಬಿಚ್ಚು, ಕಿಡಿ ಹಾರದಂಗೆ ಕಾಯಿಲ್ ಕನೆಕ್ಷನ್ ತೆಗೆ. ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡಿ, ನಿಲ್ಲಿಸು, ಮತ್ತೆ ಹೊಡಿ.” ಪ್ಲಗ್ ತೂತಿನಿಂದ ಪೆಟ್ರೋಲ್ ಮಂಜಿನ ಹಾಗೆ ಹಾರಿತಂತೆ. ಆಮೇಲೆ ಆ ತೂತಿನಲ್ಲೇ ಒಂದೊಂದು ಸಣ್ಣ ಚಮಚ ಎಂಜಿನ್ ಆಯಿಲ್ ಬಿಟ್ಟು, ಒಣಗಿದ ಪ್ಲಗ್ ಹಾಕಿ, ಎಲ್ಲ ಮೊದಲಿನಂತೆ ಜೋಡಿಸಿ ಹೊಡೆದ. ಓಣಿ ತುಂಬ ಹೊಗೆ ಬಂತು, ಗಾಡಿ ಹತ್ತಿತು.

ಇದೇ ಜಾಗದಲ್ಲಿ ಇನ್ನೊಂದು ಮಾತು ನನ್ನನ್ನು ಕಾಡುತ್ತಿದೆ. ಜವಳು ಹಗುರಾಗಿದ್ದರೆ ಪ್ಲಗ್ ಬಿಚ್ಚದೆಯೂ ಬಸಿಯಬಹುದು. ಎಕ್ಸಲರೇಟರ್ ತಳಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಇಂಥ ಇಂಜೆಕ್ಟರ್ ಗಾಡಿಯಲ್ಲಿ ಆಗ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ. ನಮ್ಮಲ್ಲಿ ಪೆಡಲ್ ಒತ್ತುವುದಕ್ಕೆ ‘ರೇಸ್ ಕೊಡು’ ಅನ್ನುತ್ತೇವೆ. ಫೋನಿನಲ್ಲಿ ನಾನೂ ಹಾಗೇ ಅಂದುಬಿಟ್ಟೆ. ಅವನು ಪೆಡಲನ್ನು ಪಟಪಟ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದ. ತಪ್ಪು ಅವನದಲ್ಲ, ಪದ ಹೇಳಿದ್ದೇ ಅದು. ಹಾಗಾಗಿ ಕೈಪಿಡಿಯಲ್ಲಿ ‘ಪೆಡಲ್ ತಳ ಮುಟ್ಟಿಸಿ ಹಿಡಿ’ ಅಂತ ಬರೆದಿದ್ದೇನೆ.

ಈಗ ನನ್ನ ಪ್ರಶ್ನೆಗಳು. ಕಾಲುವೆ ಇಲ್ಲದ ಊರಿನವರಿಗೆ ಜವಳು ಅಂದರೆ ತಿಳಿಯುತ್ತದಾ? ಮೈಸೂರು ಕಡೆಯವರು ಇದನ್ನು ಜವಳಿ ಅಂಗಡಿಗೋ, ಮಗುವಿನ ಜಾವಳಕ್ಕೋ ಗಂಟು ಹಾಕಿಕೊಳ್ಳಬಹುದೇನೋ ಅಂತ ಅನುಮಾನ. ಅಲ್ಲಿ ‘ಜೌಗು’ ಅಂದರೆ ಸರಿಹೋಗುತ್ತದಾ? ನನ್ನ ಕಿವಿಗೆ ಜೌಗು ಅಂದರೆ ಹುಟ್ಟಾ ಕೆಸರು ನೆಲ, ಕೆಟ್ಟು ಹೀಗಾದ ಹೊಲವಲ್ಲ. ಬರೆಯುವಾಗ ಜವಳೋ, ಜವುಳೋ, ಜೌಳೋ? ಕರಾವಳಿಯ, ಮಲೆನಾಡಿನ ಗ್ಯಾರೇಜುಗಳಲ್ಲಿ ಇದಕ್ಕೆ ಬೇರೆ ಮಾತು ಓಡಾಡುತ್ತಿದ್ದರೆ, ಕೇಳಿದ ಹಾಗೇ ಬರೆದು ಕಳಿಸಿ. ಕೈಪಿಡಿಯ ಆ ಪುಟ ಇನ್ನೂ ಅಚ್ಚಿಗೆ ಕೊಟ್ಟಿಲ್ಲ.