ಸಿಂಫನಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತ ಓದಲು ವಿದ್ಯಾರ್ಥಿವೇತನ ಸಿಗುತ್ತದೆಯೇ?

ಪ್ರಶ್ನೆ: ಕುಕ್ಕರಹಳ್ಳಿ ಕೆರೆ ದಂಡೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈಗ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ವಿಜ್ಞಾನ ವಿಭಾಗ. ಎಂಟನೇ ವಯಸ್ಸಿನಲ್ಲಿ ಮೈಸೂರಿನ ಅಗ್ರಹಾರದಲ್ಲಿದ್ದ ಮೇಷ್ಟ್ರೊಬ್ಬರ ಬಳಿ ಕರ್ನಾಟಕ ಸಂಗೀತದ ಪಿಟೀಲು ಹಿಡಿದಳು. ವರ್ಣಗಳವರೆಗೆ ಪಾಠವಾಗಿತ್ತು. ಹನ್ನೆರಡು ತುಂಬಿದಾಗ ಪಾಶ್ಚಾತ್ಯ ಪದ್ಧತಿಗೆ ಹೊರಳಿದಳು. ಟ್ರಿನಿಟಿ ಸಂಗೀತ ಪರೀಕ್ಷೆಯ ಏಳನೇ ಗ್ರೇಡ್ ಮುಗಿದಿದೆ. ಪ್ರತಿ ಶನಿವಾರ ಬೆಳಗಿನ ರೈಲಿನಲ್ಲಿ ನಾನೇ ಅವಳನ್ನು ಬೆಂಗಳೂರಿಗೆ ಪಾಠಕ್ಕೆ ಕರೆದುಕೊಂಡು ಹೋಗಿ ಬರುತ್ತೇನೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಶುಲ್ಕ ಬಿಡುತ್ತಾರೆ ಎಂದು ಕೇಳಿದ್ದೇನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತ, ಪೂರ್ತಿ ಖರ್ಚು ಹೊರುವ ಶಕ್ತಿ ನನಗಿಲ್ಲ. ಸಂಗೀತವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬೇಕೇ? ಕರ್ನಾಟಕ ಸಂಗೀತದ ಹಿನ್ನೆಲೆ ಅಡ್ಡಿಯಾಗುತ್ತದೆಯೇ? ಏಜೆಂಟರೊಬ್ಬರು ಎರಡು ಲಕ್ಷ ಕಟ್ಟಿದರೆ ವಿದ್ಯಾರ್ಥಿವೇತನ ಖಾತರಿ ಎನ್ನುತ್ತಿದ್ದಾರೆ. ಆ ದಾರಿ ಹಿಡಿದು ಹೋದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಹಾಸನದ ವಯೋಲಾ

ಸಾರ್, ಆ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಂಗೀತದ ವಿದ್ಯಾರ್ಥಿವೇತನವನ್ನು ತೀರ್ಮಾನಿಸುವವರು ಆಡಿಷನ್‌ನಲ್ಲಿ ಕುಳಿತು ಕೇಳುವ ಅಧ್ಯಾಪಕರು. ದಲ್ಲಾಳಿಗಳಿಗೆ ಅಲ್ಲಿ ಜಾಗವೇ ಇಲ್ಲ.

ನಾನು ಹಾಸನದವಳು. ಹದಿನಾಲ್ಕು ತುಂಬುವವರೆಗೆ ಕರ್ನಾಟಕ ಪಿಟೀಲು, ಆಮೇಲೆ ಬೆಂಗಳೂರಿನಲ್ಲಿ ಪಾಶ್ಚಾತ್ಯ ಪದ್ಧತಿ, ಅನಂತರ ಆರು ವರ್ಷ ಅಮೆರಿಕದ ಮಧ್ಯಪಶ್ಚಿಮದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಪದವಿ ಮತ್ತು ಸ್ನಾತಕೋತ್ತರ. ಅರ್ಜಿ ಹಾಕಿದ್ದು ಪಿಟೀಲಿಗೆ, ಹಣ ಸಿಕ್ಕಿದ್ದು ಪಿಟೀಲಿನದೇ ಜಾತಿಯ ವಾದ್ಯವಾದ ವಯೋಲಾಕ್ಕೆ. ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ.

ಡಿಸೆಂಬರ್‌ನಲ್ಲಿ ಧ್ವನಿಮುದ್ರಣ ಕಳುಹಿಸಿದ್ದೆ. ಪ್ರವೇಶ ಸಿಕ್ಕಿತು, ಆದರೆ ಶುಲ್ಕದಲ್ಲಿ ಕಾಲು ಭಾಗ ಮಾತ್ರ ಬಿಟ್ಟಿದ್ದರು. ಅಪ್ಪ ಪತ್ರವನ್ನು ಓದಿ ಮಡಚಿಟ್ಟು ಸುಮ್ಮನಾದರು. ಎರಡು ದಿನ ಕಳೆದು ಅಲ್ಲಿನ ಪ್ರೊಫೆಸರ್‌ರಿಂದ ಒಂದು ಇಮೇಲ್ ಬಂತು: ನೀನು ಎಂದಾದರೂ ವಯೋಲಾ ಹಿಡಿದಿದ್ದೀಯಾ? ಆ ವರ್ಷ ನಾಲ್ವರು ವಯೋಲಾದವರು ಪದವಿ ಮುಗಿಸಿ ಹೋಗುವವರಿದ್ದರು, ಬರುವವರು ಒಬ್ಬರೇ. ಪಿಟೀಲಿನವರು ಬೇಕಾದಷ್ಟು ಮಂದಿ ಸಾಲುಗಟ್ಟಿ ನಿಂತಿದ್ದರು.

ಪೂರ್ಣ ಪ್ರಮಾಣದ ಆರ್ಕೆಸ್ಟ್ರಾ ಎಂದರೆ ಸುಮಾರು ಹದಿನಾಲ್ಕು ಮೊದಲ ಪಿಟೀಲು, ಹನ್ನೆರಡು ಎರಡನೇ ಪಿಟೀಲು, ಹತ್ತು ವಯೋಲಾ, ಎಂಟು ಚೆಲ್ಲೊ, ಆರೇಳು ಡಬಲ್ ಬಾಸ್. ಇದರಲ್ಲಿ ಒಂದು ಸಾಲು ಬರಿದಾದರೂ ಬ್ರಾಮ್ಸ್‌ನ ಸಿಂಫನಿ ನುಡಿಸಲಾಗದು. ಹೀಗಾಗಿ ಸಂಗೀತ ವಿಭಾಗದ ಹಣ ಖಾಲಿ ಕುರ್ಚಿಯ ಕಡೆಗೆ ಹರಿಯುತ್ತದೆ. ಡಬಲ್ ಬಾಸ್, ಊದುವ ವಾದ್ಯಗಳಾದ ಬಸೂನ್, ಓಬೋ ನುಡಿಸುವವರಿಗೂ ಹೀಗೆಯೇ ಬೇಡಿಕೆ.

ನಮ್ಮ ಗುರುಗಳ ಪರಿಚಯದವರಿಂದ ಒಂದು ಹಳೆಯ ವಯೋಲಾ ಎರವಲು ತಂದೆ. ಪಿಟೀಲಿಗಿಂತ ತುಸು ದೊಡ್ಡದು, ತಂತಿಗಳ ಶ್ರುತಿ ಒಂದು ಪಂಚಮದಷ್ಟು ಕೆಳಗೆ, ಕಮಾನು ಭಾರ. ಅದೆಲ್ಲ ವಾರದಲ್ಲಿ ಒಗ್ಗಿತು. ಕಾಡಿದ್ದು ಆಲ್ಟೊ ಕ್ಲೆಫ್, ಅಂದರೆ ವಯೋಲಾದ ಸ್ವರಲಿಪಿಯಲ್ಲಿ ಯಾವ ಗೆರೆ ಯಾವ ಸ್ವರ ಎಂದು ತಿಳಿಸುವ ಗುರುತು. ಐದು ಗೆರೆಗಳ ನಡುವಿನದು ಪಿಟೀಲಿನವರ ಕಣ್ಣಿಗೆ ಬಿ, ವಯೋಲಾದವರಿಗೆ ಸಿ. ಕಣ್ಣು ಒಂದು ಸ್ವರ ಓದುತ್ತದೆ, ಬೆರಳು ಹಳೆಯ ಅಭ್ಯಾಸದಿಂದ ಇನ್ನೊಂದರ ಮೇಲೆ ಹೋಗಿ ಕೂರುತ್ತದೆ. ಮೊದಲ ಹತ್ತು ದಿನ ಅಳು ಬರುತ್ತಿತ್ತು. ಮೂರನೇ ವಾರ ಒಂದು ಬೆಳಿಗ್ಗೆ ಪುಟ ತೆರೆದು ನುಡಿಸುತ್ತ ಹೋದಾಗ ಯೋಚಿಸುತ್ತಲೇ ಇಲ್ಲ ಎಂಬುದು ಗಮನಕ್ಕೆ ಬಂತು. ಮಾರ್ಚ್‌ನಲ್ಲಿ ಹೊಸ ಧ್ವನಿಮುದ್ರಣ ಕಳುಹಿಸಿದೆ: ಬಾಖ್‌ನ ಚೆಲ್ಲೊ ಸೂಟ್ ಒಂದರಿಂದ ಎರಡು ಭಾಗ, ಸ್ಟಾಮಿಟ್ಸ್ ಕನ್ಸರ್ಟೊದ ಮೊದಲ ಭಾಗ. ಏಪ್ರಿಲ್‌ನಲ್ಲಿ ಬೋಧನಾ ಶುಲ್ಕ ಪೂರ್ತಿ ಮನ್ನಾ ಆಯಿತು.

ಪೂರ್ತಿ ಎಂದರೂ ಆರೋಗ್ಯ ವಿಮೆ, ಇತರ ಫೀಸುಗಳು, ಊಟ, ವಸತಿ ನಮ್ಮ ಮೇಲೆಯೇ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವಾಗ ಕ್ಯಾಂಪಸ್‌ನ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ನನಗೆ ಆರ್ಕೆಸ್ಟ್ರಾದ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಸ್ಟ್ಯಾಂಡಿಗೆ ಇಬ್ಬರು, ಅವರಿಬ್ಬರಿಗೆ ಸ್ವರಲಿಪಿಯ ಒಂದೇ ಪ್ರತಿ. ಸಾಲಿನ ಮುಖ್ಯಸ್ಥರು ತೀರ್ಮಾನಿಸಿದ ಕಮಾನಿನ ದಿಕ್ಕನ್ನು ಎಲ್ಲ ಪ್ರತಿಗಳಿಗೂ ಪೆನ್ಸಿಲಿನಲ್ಲಿ ಇಳಿಸುವುದು ನನ್ನ ಕೆಲಸ. ಕೆಳಗೆ ಎಳೆಯುವುದಕ್ಕೆ ಬಾಗಿಲ ಚೌಕಟ್ಟಿನಂಥ ಪುಟ್ಟ ಗುರುತು, ಮೇಲೆ ತಳ್ಳುವುದಕ್ಕೆ ವಿ ಆಕಾರ. ಬಾಡಿಗೆಗೆ ತಂದ ಪ್ರತಿಗಳಾದರೆ ಸಂಗೀತ ಕಛೇರಿ ಮುಗಿದ ಮೇಲೆ ಅದನ್ನೆಲ್ಲ ಅಳಿಸಿ ಹಿಂದಿರುಗಿಸಬೇಕು. ರಬ್ಬರಿನ ಪುಡಿ ಅಂಗಿಯ ತೋಳಿಗೆಲ್ಲ ಮೆತ್ತಿರುತ್ತಿತ್ತು. ಸಿಂಫನಿಯೊಂದು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ನಾನು ತರಗತಿಗಿಂತ ಹೆಚ್ಚಾಗಿ ಆ ಮೇಜಿನ ಮೇಲೆ ಕಲಿತೆ.

ಕರ್ನಾಟಕ ಸಂಗೀತದ ವಿಷಯಕ್ಕೆ ಬರುತ್ತೇನೆ. ಅದು ಅಡ್ಡಿಯಲ್ಲ, ಆದರೆ ಎರಡು ಕಡೆ ದುಡಿಯಬೇಕು. ನಾವು ಸ ಪ ಸ ಪ ಶ್ರುತಿ ಮಾಡಿ, ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಪಾದದ ಮೇಲೆ ಊರಿ ನುಡಿಸಿದವರು. ಎಡಗೈ ಸಲೀಸಾಗಿ ಜಾರುತ್ತದೆ. ಆರ್ಕೆಸ್ಟ್ರಾದಲ್ಲಿ ಹತ್ತು ಜನರ ನಡುವೆ ಒಬ್ಬಳು ಜಾರಿದರೆ ತಕ್ಷಣ ಕೇಳಿಸುತ್ತದೆ. ಮೊದಲ ತಿಂಗಳು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ನನ್ನ ಕಡೆ ನೋಡಿ ತಾಲೀಮು ನಿಲ್ಲಿಸಿದ್ದು ಮೂರು ಸಲ. ಇನ್ನೊಂದು, ನಾವು ಕಿವಿಯಿಂದ ಕಲಿತವರು, ಹೊಸ ಪುಟವನ್ನು ಕಂಡ ಕೂಡಲೇ ನುಡಿಸುವುದು ನಮಗೆ ಕಷ್ಟ. ಮಗಳಿಗೆ ದಿನಕ್ಕೊಂದು ಹೊಸ ಪುಟ ಓದಿ ನುಡಿಸಲು ಹೇಳಿ, ಆಡಿಷನ್‌ನಲ್ಲಿ ಅದನ್ನು ಪರೀಕ್ಷಿಸುತ್ತಾರೆ. ಕಿವಿ ಮಾತ್ರ ನಮ್ಮ ದೊಡ್ಡ ಆಸ್ತಿ. ತಂಬೂರಿಯ ಜೊತೆ ಬೆಳೆದವರಿಗೆ ಸ್ವರ ಕೂದಲೆಳೆಯಷ್ಟು ಇಳಿದರೂ ತಿಳಿಯುತ್ತದೆ.

ಎರಡನೇ ವರ್ಷ ಬೀಥೋವನ್‌ನ ಐದನೇ ಸಿಂಫನಿ ನುಡಿಸಿದೆವು. ಎಲ್ಲರೂ ಬಲ್ಲ ಆ ನಾಲ್ಕು ಸ್ವರಗಳ ಆರಂಭವನ್ನು ಬಿಡಿ, ಎರಡನೇ ಭಾಗವನ್ನು ಕೇಳಿಸಿಕೊಳ್ಳಿ. ಅದನ್ನು ಶುರು ಮಾಡುವವರು ವಯೋಲಾ ಮತ್ತು ಚೆಲ್ಲೊ, ಒಟ್ಟಿಗೆ, ಮೆಲ್ಲಗೆ. ಕೆಳಗೆ ಬಾಸ್‌ಗಳು ತಂತಿ ಮೀಟುತ್ತಿರುತ್ತವೆ. ಪಿಟೀಲುಗಳೆಲ್ಲ ಮಡಿಲಲ್ಲಿ ಸುಮ್ಮನಿದ್ದಾಗ ನಮ್ಮ ಸಾಲಿನ ಹತ್ತು ಕಮಾನುಗಳು ಒಂದೇ ಉಸಿರಿನಲ್ಲಿ ಚಲಿಸಿದವು. ನನ್ನ ಧ್ವನಿ ಯಾವುದು, ಪಕ್ಕದವಳದು ಯಾವುದು ಎಂದು ನನಗೇ ಬೇರ್ಪಡಿಸಲಾಗಲಿಲ್ಲ. ಆ ಕ್ಷಣಕ್ಕಾಗಿ ಆ ಆರು ವರ್ಷಗಳನ್ನು ಮತ್ತೊಮ್ಮೆ ಬದುಕಲು ನಾನು ಸಿದ್ಧಳಿದ್ದೇನೆ.

ಉತ್ತರ: ಎರಡನೇ ಸಾಲು

ಮೇಡಂ ಬರೆದದ್ದು ಸಂಗೀತವನ್ನೇ ಓದುವವರ ದಾರಿ. ನಾನು ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತ ಕ್ಯಾಂಪಸ್ ಆರ್ಕೆಸ್ಟ್ರಾದಲ್ಲಿ ಎರಡನೇ ಪಿಟೀಲು ನುಡಿಸಿದವನು. ನನ್ನ ಖರ್ಚು ಸಂಶೋಧನಾ ಸಹಾಯಕನ ವೇತನದಿಂದ ನಡೆಯಿತು, ಆರ್ಕೆಸ್ಟ್ರಾದಿಂದ ಹಣ ಬರಲಿಲ್ಲ. ಸೆಮಿಸ್ಟರಿನ ಮೊದಲ ವಾರ ಆಡಿಷನ್, ವಾರಕ್ಕೆ ಎರಡು ಸಂಜೆ ತಾಲೀಮು, ಕೊನೆಯ ತಾಲೀಮಿಗೆ ತಪ್ಪಿಸಿಕೊಂಡರೆ ವೇದಿಕೆಗೆ ಬಿಡುತ್ತಿರಲಿಲ್ಲ.

ಹಾರ್ವರ್ಡ್, ಎಂಐಟಿ, ಪ್ರಿನ್ಸ್‌ಟನ್‌ಗಳಲ್ಲಿ ಸಂಗೀತಕ್ಕೆಂದು ಪ್ರತ್ಯೇಕ ವಿದ್ಯಾರ್ಥಿವೇತನವಿಲ್ಲ. ಅಲ್ಲಿ ನೆರವು ಮನೆಯ ಆದಾಯ ನೋಡಿ ಕೊಡುತ್ತಾರೆ, ವಿದೇಶಿ ವಿದ್ಯಾರ್ಥಿಗಳಿಗೂ. ಪ್ರವೇಶ ಬಲು ಕಠಿಣ, ಆದರೆ ಅರ್ಜಿಯ ಜೊತೆ ಸಂಗೀತದ ಧ್ವನಿಮುದ್ರಣವನ್ನೂ ಕಳುಹಿಸಬಹುದು. ಹಾರ್ವರ್ಡ್‌ನ ವಿದ್ಯಾರ್ಥಿ ಆರ್ಕೆಸ್ಟ್ರಾದ ಮೂಲ 1808ರಷ್ಟು ಹಿಂದಿನದು, ನುಡಿಸುವವರಲ್ಲಿ ಹೆಚ್ಚಿನವರು ಬೇರೆ ವಿಷಯ ಓದುವವರು. ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆ 1928ರಿಂದ ಯಾರಿಂದಲೂ ಬೋಧನಾ ಶುಲ್ಕ ಪಡೆಯುತ್ತಿಲ್ಲ. ಅಲ್ಲಿ ಇರುವುದೇ ನೂರೈವತ್ತರ ಆಸುಪಾಸು ವಿದ್ಯಾರ್ಥಿಗಳು. ಜರ್ಮನಿಯ ಸರ್ಕಾರಿ ಸಂಗೀತ ವಿದ್ಯಾಲಯಗಳನ್ನೂ ನೋಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ.

ವಾದ್ಯದ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿ ಬಿರಡೆಗಳು ಸಡಿಲವಾಗುತ್ತವೆ, ಅಂಟು ಬಿಡುತ್ತದೆ. ಮೊದಲ ಜನವರಿಯಲ್ಲಿ ಪೆಟ್ಟಿಗೆ ತೆರೆದಾಗ ನನ್ನ ಪಿಟೀಲಿನ ನಾಲ್ಕು ತಂತಿಗಳೂ ಜೋತುಬಿದ್ದಿದ್ದವು, ಹಿಂಬದಿಯ ಅಂಚು ಉಗುರು ತೂರುವಷ್ಟು ಬಾಯಿಬಿಟ್ಟಿತ್ತು. ಪೆಟ್ಟಿಗೆಯೊಳಗೆ ತೇವ ಕಾಯುವ ಸಾಧನವನ್ನು ಮೊದಲ ದಿನದಿಂದಲೇ ಇಡಲಿ.

ಉತ್ತರ: ದೇವರಾಜ ಮೊಹಲ್ಲಾ

ಮೈಸೂರಿನ ಹುಡುಗಿ ಈ ದಾರಿ ಹಿಡಿದಿದ್ದಾಳೆಂದು ಓದಿ ತುಂಬ ಸಂತೋಷವಾಯಿತು. ನಮ್ಮ ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು. ರಷ್ಯದ ಸಂಗೀತಗಾರ ಮೆಟ್ನರ್ ಲಂಡನ್ನಿನಲ್ಲಿ ಕಾಯಿಲೆಯಿಂದ, ಬಡತನದಿಂದ ಬಳಲುತ್ತಿದ್ದಾಗ ಆತನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಅವರೇ. ಆತ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದೂ ಅವರ ನೆರವಿನಿಂದಲೇ. ಸಿಂಫನಿಗೆ ನಮ್ಮೂರು ಕೈನೀಡಿದ ಕಾಲವೊಂದಿತ್ತು. ಅಲ್ಲಿಗೆ ಹೋದಾಗ ಮಗಳು ಇದನ್ನು ನೆನಪಿಟ್ಟುಕೊಳ್ಳಲಿ.

ಪ್ರಶ್ನೆ ಕೇಳಿದವರು: ಕುಕ್ಕರಹಳ್ಳಿ ಕೆರೆ ದಂಡೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಏಜೆಂಟರಿಗೆ ಬೇಡವೆಂದು ಹೇಳಿದೆ. ಈ ಶನಿವಾರ ಗುರುಗಳು ತಮ್ಮ ವಯೋಲಾವನ್ನು ಮಗಳ ಕೈಗೆ ಕೊಟ್ಟರು. ಎಲ್ಲಕ್ಕಿಂತ ಕೆಳಗಿನ ತಂತಿಯ ಮೇಲೆ ಒಂದೇ ಉದ್ದನೆಯ ಕಮಾನು ಎಳೆದು ಹಾಗೆಯೇ ನಿಂತಳು. ವಾಪಸು ಬರುವಾಗ ರಾಮನಗರ ದಾಟುವವರೆಗೂ ಮಾತಿಲ್ಲ. ಆಮೇಲೆ, ಅಪ್ಪಾ, ಅದು ಎದೆಯೊಳಗೆ ಕೇಳಿಸಿತು ಎಂದಳು. ಅವಳ ಕೈ ಚಿಕ್ಕದು, ಆ ವಾದ್ಯ ದೊಡ್ಡದಾಯಿತು. ಏನು ಮಾಡುವುದು?

ಉತ್ತರ: ಹಾಸನದ ವಯೋಲಾ

ವಯೋಲಾಕ್ಕೆ ಪಿಟೀಲಿನಂತೆ ಒಂದೇ ಅಳತೆಯಿಲ್ಲ ಸಾರ್. ಗುರುಗಳದ್ದು ಬಹುಶಃ ಹದಿನಾರೂವರೆ ಅಂಗುಲದ್ದು. ಹದಿನೈದು, ಹದಿನೈದೂವರೆಯವೂ ಸಿಗುತ್ತವೆ, ನಾನು ಪದವಿ ಮುಗಿಸಿದ್ದೇ ಹದಿನೈದೂವರೆಯದರಲ್ಲಿ. ಈಗಲೇ ಕೊಳ್ಳಬೇಡಿ, ತಿಂಗಳ ಬಾಡಿಗೆಗೆ ಕೇಳಿ. ಆಲ್ಟೊ ಕ್ಲೆಫ್ ಇಂದೇ ಶುರುವಾಗಲಿ. ಅನೇಕ ಕಡೆ ಧ್ವನಿಮುದ್ರಣದ ಗಡುವು ಡಿಸೆಂಬರ್ 1, ಒಂದು ಭಾಗವನ್ನು ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ಮುದ್ರಿಸಬೇಕು. ಅದಕ್ಕೂ ಮೊದಲು ನಾಲ್ಕೈದು ಕಡೆಯ ವಯೋಲಾ ಅಧ್ಯಾಪಕರಿಗೆ ಮಗಳೇ ಪತ್ರ ಬರೆಯಲಿ. ಮುಂದಿನ ವರ್ಷ ನಿಮ್ಮಲ್ಲಿ ಎಷ್ಟು ಕುರ್ಚಿ ಖಾಲಿಯಾಗುತ್ತವೆ ಎಂದು ನೇರವಾಗಿ ಕೇಳಲಿ, ಅವರು ತಪ್ಪು ತಿಳಿಯುವುದಿಲ್ಲ. ಪತ್ರದ ಕರಡನ್ನು ಇಲ್ಲಿ ಹಾಕಿ, ಭಾನುವಾರ ಕುಳಿತು ನೋಡಿಕೊಡುತ್ತೇನೆ.